ತಂದೆ ಯಾರೆಂಬ ಪ್ರಶ್ನೆ

ತನ್ನ ನಿಜವಾದ ತಂದೆ ಯಾರೆಂಬ ಪ್ರಶ್ನೆಯನ್ನು ಇಂದಿನ ದೂರದರ್ಶನ ಅರ್ಧ ಗಂಟೆಯ ನಗೆಯ ವಸ್ತುವನ್ನಾಗಿ ಮಾಡಿಕೊಂಡಿದೆ. ವ್ಯಂಗ್ಯಚಿತ್ರದ ಹಾಸ್ಯಮಾಲೆಗಳಲ್ಲಿಯೂ ಒಂದು ಪಾತ್ರ ಸಾಕಿದವನಿಂದ ಮುಖ ತಿರುಗಿಸಿ, ಹುಟ್ಟಿಗೆ ಕಾರಣನಾದವನನ್ನು ಹುಡುಕುತ್ತ ಹೊರಡುತ್ತದೆ. ಕಥೆ ಮುಗಿಯುತ್ತಲೇ ನೋಡುವವರು ನಕ್ಕು ಮರೆಯುತ್ತಾರೆ. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ತೋಟದ ಮನೆಗಳಲ್ಲಿ ಈ ಪ್ರಶ್ನೆ ಎದ್ದರೆ ನಗುವವರು ಯಾರೂ ಇರುವುದಿಲ್ಲ. ಅಡಿಕೆ ತೋಟ ಪಾಲಾಗುವ ದಿನ, ಹೆಣ್ಣುಗಂಡಿನ ಮಾತುಕತೆಯ ವೇಳೆ, ಬಸದಿಯ ಆಡಳಿತ ಮಂಡಳಿಗೆ ಹೆಸರು ಸೂಚಿಸುವ ಸಭೆಯಲ್ಲಿ ಯಾರೋ ಒಬ್ಬರು ಮೆಲ್ಲನೆ, "ಅವನು ಅವರ ಸ್ವಂತ ಮಗನಲ್ಲವಂತೆ" ಎನ್ನುತ್ತಾರೆ. ಅಷ್ಟೇ ಸಾಕು. ಮೂವತ್ತು ವರ್ಷ ಒಂದೇ ಪಂಕ್ತಿಯಲ್ಲಿ ಉಂಡವನು ಆ ಕ್ಷಣದಿಂದ ಪರಕೀಯನಾಗುತ್ತಾನೆ. ಆದುದರಿಂದ ಈ ಪ್ರಶ್ನೆಯನ್ನು ಧರ್ಮದ ಬೆಳಕಿನಲ್ಲಿ ವಿಚಾರಿಸಿ ನೋಡುವುದು ಶ್ರಾವಕರಿಗೆ ಅವಶ್ಯವಾಗಿದೆ.

ಈ ಸೀಮೆಯಲ್ಲಿ ಪ್ರಶ್ನೆ ಹೊಸದೇನೂ ಅಲ್ಲ. ಶೃಂಗೇರಿಯ ಸಮೀಪದ ಕಿಗ್ಗದಲ್ಲಿ ಮಳೆಯ ದೇವರೆಂದು ಜನರು ನಂಬಿರುವ ಋಷ್ಯಶೃಂಗೇಶ್ವರನ ದೇವಾಲಯವಿದೆ. ಆ ಮುನಿಯ ಪತ್ನಿ ಶಾಂತೆ. ವೈದಿಕ ಪುರಾಣಗಳ ಒಂದು ಪರಂಪರೆಯಂತೆ ಆಕೆ ದಶರಥನ ಮಗಳು. ಅಂಗದೇಶದ ರೋಮಪಾದನಲ್ಲಿ ಸಾಕುಮಗಳಾಗಿ ಬೆಳೆದವಳು. ಋಷ್ಯಶೃಂಗನಿಗೆ ಧಾರೆಯೆರೆದು ಕೊಟ್ಟವನು ದಶರಥನಲ್ಲ, ರೋಮಪಾದ. ಹೆತ್ತ ಮನೆಯ ಹೆಸರು ದೊಡ್ಡದೆಂದು ಸಾಕಿದ ಮನೆಯ ಹಕ್ಕನ್ನು ಆ ಕಥೆ ಅಲ್ಲಗಳೆಯುವುದಿಲ್ಲ.

ಜೈನ ಕಾವ್ಯಗಳು ಈ ಪ್ರಶ್ನೆಯನ್ನು ಇನ್ನೂ ಆಳಕ್ಕೆ ಕೊಂಡೊಯ್ದಿವೆ. ಜನ್ನ ಕವಿಯು 13ನೆಯ ಶತಮಾನದ ಆದಿಯಲ್ಲಿ ರಚಿಸಿದ 'ಯಶೋಧರ ಚರಿತೆ'ಯ ಕಥೆ ಮನೆಮನೆಗೂ ತಿಳಿದದ್ದು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯಿಂದ ಯಶೋಧರನೂ ಅವನ ತಾಯಿ ಚಂದ್ರಮತಿಯೂ ತಿರ್ಯಗ್ಯೋನಿಗಳಲ್ಲಿ ತೊಳಲುತ್ತಾರೆ. ಕೊನೆಗೆ ಕೋಳಿಗಳಾಗಿದ್ದಾಗ ಯಶೋಧರನ ಮಗನಾದ ಯಶೋಮತಿಯ ಬಾಣಕ್ಕೆ ತುತ್ತಾಗಿ, ಅದೇ ಯಶೋಮತಿಯ ರಾಣಿಯ ಗರ್ಭದಲ್ಲಿ ಅಭಯರುಚಿ, ಅಭಯಮತಿ ಎಂಬ ಅವಳಿಗಳಾಗಿ ಜನಿಸುತ್ತಾರೆ. ಇಲ್ಲಿ ಅಭಯರುಚಿಯ ತಂದೆ ಯಾರು? ಯಶೋಮತಿ ಅವನ ತಂದೆಯೂ ಹೌದು, ಹಿಂದಿನ ಭವದ ಮಗನೂ ಹೌದು, ಅವನನ್ನು ಕೊಂದವನೂ ಹೌದು. ರಕ್ತವನ್ನೇ ಆಧಾರವಾಗಿಟ್ಟುಕೊಂಡು ಬಾಂಧವ್ಯವನ್ನು ಅಳೆಯಹೊರಟವನಿಗೆ ಈ ಲೆಕ್ಕ ಎಂದಿಗೂ ತಾಳೆಯಾಗುವುದಿಲ್ಲ.

ಇದನ್ನು ಓದಿದವರಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಅನಾದಿ ಸಂಸಾರದಲ್ಲಿ ಎಲ್ಲ ಜೀವಗಳೂ ಎಂದೋ ಒಮ್ಮೆ ತಂದೆ ಮಕ್ಕಳಾಗಿದ್ದುವೆಂದರೆ, ಈ ಜನ್ಮದ ತಂದೆಗೆ ಸಲ್ಲಬೇಕಾದ ವಿಶೇಷ ಗೌರವವೇನು ಉಳಿಯಿತು? ಎಲ್ಲರೂ ತಂದೆಯೆಂದರೆ ಯಾರೂ ತಂದೆಯಲ್ಲವೆಂದೇ ಆಯಿತಲ್ಲವೆ?

ಆಚಾರ್ಯ ಕುಂದಕುಂದರ 'ಪ್ರವಚನಸಾರ'ದಲ್ಲಿ ಇದಕ್ಕೆ ಉತ್ತರ ದೊರೆಯುತ್ತದೆ. ಶ್ರಮಣನಾಗಬಯಸುವವನು ಬಂಧುವರ್ಗವನ್ನು ಕೇಳಿ, ಹಿರಿಯರು, ಪತ್ನಿ, ಪುತ್ರರಿಂದ ಬಿಡುಗಡೆ ಪಡೆದು ಹೊರಡಬೇಕೆಂದು ಅಲ್ಲಿ ಹೇಳಿದೆ. ಈ ಗಾಹೆಗೆ ವ್ಯಾಖ್ಯಾನ ಬರೆದ ಅಮೃತಚಂದ್ರಾಚಾರ್ಯರು, ಆ ವಿರಕ್ತನು ತನ್ನ ಶರೀರಕ್ಕೆ ಜನಕನಾದವನನ್ನು ಕುರಿತು, ಈ ಆತ್ಮ ನಿನ್ನಿಂದ ಉತ್ಪನ್ನವಾದುದಲ್ಲವೆಂಬುದು ನಿನಗೂ ತಿಳಿದಿದೆಯೆಂಬ ಅಭಿಪ್ರಾಯದಲ್ಲಿ ಅರಿಕೆ ಮಾಡಿಕೊಳ್ಳುವುದನ್ನು ವಿವರಿಸಿದ್ದಾರೆ. ನಿಶ್ಚಯನಯದಿಂದ ಆತ್ಮಕ್ಕೆ ತಂದೆಯಿಲ್ಲ, ಅದು ಸ್ವಯಂಸಿದ್ಧ. ಆದರೂ ಅದನ್ನು ತಿಳಿದವನೇ ತಂದೆಯ ಮುಂದೆ ನಿಂತು ಅಪ್ಪಣೆ ಬೇಡುತ್ತಾನೆ. ನಿಶ್ಚಯವು ವ್ಯವಹಾರದ ಋಣವನ್ನು ಅಳಿಸಲಿಲ್ಲ. ಆ ಋಣದಲ್ಲಿ ಅಡಗಿದ್ದ ಮಮಕಾರವನ್ನು ಮಾತ್ರ ಕಳೆಯಿತು.

ಹಾಗಾದರೆ ವ್ಯವಹಾರನಯದಲ್ಲಿ ತಂದೆಯೆಂದರೆ ಯಾರು? ಇದಕ್ಕೂ ಏಕಾಂತವಾದ ಉತ್ತರವಿಲ್ಲ. ದೇಹವನ್ನು ಕೊಟ್ಟವನು ಒಂದು ಅಪೇಕ್ಷೆಯಿಂದ ತಂದೆ. ಅನ್ನ, ವಿದ್ಯೆ, ಸಂಸ್ಕಾರಗಳನ್ನು ಕೊಟ್ಟವನು ಇನ್ನೊಂದು ಅಪೇಕ್ಷೆಯಿಂದ ತಂದೆ. ಮನೆತನವನ್ನೂ ಆಸ್ತಿಯನ್ನೂ ಕೊಡುವವನು ಮತ್ತೊಂದು ಅಪೇಕ್ಷೆಯಿಂದ ಆ ಸ್ಥಾನದಲ್ಲಿ ನಿಲ್ಲುತ್ತಾನೆ. ಹೆಚ್ಚಿನ ಮನೆಗಳಲ್ಲಿ ಈ ಮೂರೂ ಒಬ್ಬನಲ್ಲೇ ಕೂಡಿಬರುವುದರಿಂದ ಅವು ಮೂರೆಂಬುದೇ ಮರೆತುಹೋಗಿದೆ. ಘಟ್ಟದ ಕೆಳಗೆ ಹಾಗಿರಲಿಲ್ಲ. ತುಳುನಾಡಿನ ಜೈನರಲ್ಲಿ ಅಳಿಯಸಂತಾನದ ಪದ್ಧತಿಯಿತ್ತು. ಮನೆತನದ ಹಕ್ಕು ತಾಯಿಯ ಕಡೆಯಿಂದ, ಸೋದರಮಾವನಿಂದ ಅಳಿಯನಿಗೆ ಇಳಿಯುತ್ತಿತ್ತು. ಕಳಸ-ಕಾರ್ಕಳವನ್ನಾಳಿದ ಭೈರರಸರೂ ಈ ಕ್ರಮದವರೇ. ಕಾರ್ಕಳದ ಚತುರ್ಮುಖ ಬಸದಿಯನ್ನು 1586ರಲ್ಲಿ ಕಟ್ಟಿಸಿದ ಇಮ್ಮಡಿ ಭೈರರಸನು ಪಟ್ಟಕ್ಕೆ ಬಂದದ್ದು ಮಾವನ ಅಳಿಯನಾಗಿ. 1949ರ ಮದರಾಸು ಅಳಿಯಸಂತಾನ ಕಾಯಿದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳು ಆ ಪದ್ಧತಿಯನ್ನು ಬಹುಮಟ್ಟಿಗೆ ಬದಲಿಸಿದುವು. ಆ ಶತಮಾನಗಳಲ್ಲೆಲ್ಲ ತಂದೆ ಪ್ರೀತಿ ಕೊಟ್ಟ, ಮಾವ ಆಸ್ತಿ ಕೊಟ್ಟ. ಧರ್ಮಕ್ಕೆ ಅದರಿಂದ ಯಾವ ಲೋಪವೂ ಆಗಲಿಲ್ಲ.

ಈ ಭೈರರಸರು ತಮ್ಮ ಮೂಲಪುರುಷನೆಂದು ನೆನೆಯುತ್ತಿದ್ದ ಜಿನದತ್ತರಾಯನ ಐತಿಹ್ಯವೂ ಇಲ್ಲಿ ಸ್ಮರಣೀಯ. ಉತ್ತರ ಮಧುರೆಯ ಅರಸನಾಗಿದ್ದ ಅವನ ತಂದೆ ನರಮಾಂಸದ ಚಟಕ್ಕೆ ಬಿದ್ದನೆಂದೂ, ಮಗನ ಪ್ರಾಣಕ್ಕೇ ಅಪಾಯ ಬಂದಾಗ ಜಿನದತ್ತನು ಪದ್ಮಾವತಿಯ ಬಿಂಬದೊಡನೆ ದಕ್ಷಿಣಕ್ಕೆ ಬಂದು ಹುಂಚದಲ್ಲಿ ನೆಲೆಸಿದನೆಂದೂ ಪ್ರತೀತಿ. ಅವನ ಜನ್ಮದಲ್ಲಿ ಸಂಶಯಕ್ಕೆ ಎಡೆಯಿರಲಿಲ್ಲ. ರಕ್ತದಿಂದ ತಂದೆಯಾಗಿದ್ದವನೇ ಆಚರಣೆಯಿಂದ ತಂದೆಯಾಗಿ ಉಳಿಯಲಿಲ್ಲ. ಪಂಪನು 941ರಲ್ಲಿ ಬರೆದ 'ವಿಕ್ರಮಾರ್ಜುನ ವಿಜಯ'ದ ಕರ್ಣನಿಗೆ ಒದಗಿದ್ದು ಇದಕ್ಕೆ ವಿರುದ್ಧವಾದ ಸ್ಥಿತಿ. ಜನ್ಮರಹಸ್ಯ ತಿಳಿದು ರಾಜ್ಯವೇ ಕೈಗೆ ಬರುವಂತಿದ್ದರೂ ಅವನು ಪೊರೆದವರ ಪಕ್ಷವನ್ನು ಬಿಡಲಿಲ್ಲ. ಅವನನ್ನು ನೋಯಿಸಿದ್ದು ಸೂತನ ಮನೆಯಲ್ಲಿ ಬೆಳೆದದ್ದಲ್ಲ; ಕುಲವನ್ನೆತ್ತಿ ಆಡಿದ ಸಭೆಯ ನಾಲಗೆಗಳು.

ಈಗ ಪ್ರಯೋಗಶಾಲೆಯ ಮಾತಿಗೆ ಬರಬಹುದು. 1984ರಲ್ಲಿ ಇಂಗ್ಲೆಂಡಿನ ಅಲೆಕ್ ಜೆಫ್ರಿಸ್ ಅವರು ಡಿಎನ್‌ಎ ಬೆರಳಚ್ಚಿನ ವಿಧಾನವನ್ನು ಕಂಡುಹಿಡಿದ ಮೇಲೆ, ದೇಹಕ್ಕೆ ಜನಕನಾರೆಂಬುದನ್ನು ನಿಶ್ಚಿತವಾಗಿ ತಿಳಿಯಲು ಸಾಧ್ಯವಾಯಿತು. ಆದರೂ ನ್ಯಾಯಾಲಯಗಳು ಕೇಳಿದವರಿಗೆಲ್ಲ ಈ ಪರೀಕ್ಷೆಯನ್ನು ಅನುಮತಿಸುವುದಿಲ್ಲ. 1872ರ ಸಾಕ್ಷ್ಯ ಕಾಯಿದೆಯ 112ನೆಯ ಕಲಮು, ವಿವಾಹ ಊರ್ಜಿತವಾಗಿರುವಾಗ ಹುಟ್ಟಿದ ಮಗುವನ್ನು ಆ ದಂಪತಿಗಳ ಔರಸ ಸಂತಾನವೆಂದೇ ಎಣಿಸಿತು. ಆ ಕಾಲದಲ್ಲಿ ಪತಿಪತ್ನಿಯರು ಕೂಡುವ ಅವಕಾಶವೇ ಇರಲಿಲ್ಲವೆಂದು ಸಿದ್ಧಪಟ್ಟರೆ ಮಾತ್ರ ವಿನಾಯಿತಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೆಯ ಕಲಮಿನಲ್ಲಿಯೂ ಅದೇ ತತ್ತ್ವವಿದೆ. ಇಂಥ ಪರೀಕ್ಷೆಗೆ ವಾಡಿಕೆಯಂತೆ ಆದೇಶ ನೀಡಲಾಗದೆಂದು ಸರ್ವೋಚ್ಚ ನ್ಯಾಯಾಲಯ 1993ರಲ್ಲಿಯೇ ಹೇಳಿತು. 2025ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿಯೂ ಆ ನಿಲುವನ್ನು ಬಲಪಡಿಸಿ, ವ್ಯಕ್ತಿಗಳ ಖಾಸಗಿತನ ಮತ್ತು ಮಾನವನ್ನು ಎತ್ತಿಹಿಡಿಯಿತು. ಮಗುವಿನ ತಲೆಯ ಮೇಲೆ ಕಳಂಕ ಹೊರಿಸುವುದಕ್ಕಿಂತ ಸಂಶಯವನ್ನು ಸುಮ್ಮನಿರಿಸುವುದು ಲೇಸೆಂಬುದು ಇದರ ಇಂಗಿತ.

ದತ್ತಕದ ವಿಷಯದಲ್ಲಿ ಜೈನರಿಗೂ ಅನ್ವಯಿಸುವ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯ 12ನೆಯ ಕಲಮು ಅರ್ಥಪೂರ್ಣವಾಗಿದೆ. ದತ್ತು ಹೋದ ದಿನದಿಂದ ಮಗು ಎಲ್ಲ ಉದ್ದೇಶಗಳಿಗೂ ದತ್ತು ಪಡೆದವರದೇ. ಆದರೆ ಹುಟ್ಟಿದ ಮನೆಯಲ್ಲಿ ಉಳಿದಿದ್ದರೆ ಯಾರನ್ನು ವರಿಸಲಾಗುತ್ತಿರಲಿಲ್ಲವೋ ಅವರನ್ನು ದತ್ತಕದ ನಂತರವೂ ವರಿಸುವಂತಿಲ್ಲ. ಹಕ್ಕಿಗೆ ಒಂದು ಮನೆ, ನಿಷೇಧಕ್ಕೆ ಎರಡು ಮನೆ. ಕಾನೂನು ಹೊಸ ಬಾಂಧವ್ಯವನ್ನು ಪೂರ್ಣವಾಗಿ ಒಪ್ಪಿತು, ಹಳೆಯದನ್ನು ಮರೆಯಲೂ ಇಲ್ಲ.

ಇಲ್ಲಿಯೇ ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ ಎದುರಾಗುತ್ತದೆ. ದತ್ತುಮಗನಿಗೆ ಅವನ ಹುಟ್ಟನ್ನು ತಿಳಿಸಬೇಕೇ, ಮರೆಮಾಚಬೇಕೇ? ಮರೆಮಾಚುವವರು ಶಾಸ್ತ್ರಾಧಾರವನ್ನೇ ಮುಂದಿಡುತ್ತಾರೆ. ವಿಪತ್ತನ್ನು ತರುವ ಮಾತು ಸತ್ಯವಾದರೂ ಆಡಬಾರದೆಂದು ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ವಿಧಿಸಿಲ್ಲವೆ ಎನ್ನುತ್ತಾರೆ. ಆ ಮಾತು ದಿಟ. ಆದರೆ ಮೌನದಿಂದಲೂ ವಿಪತ್ತು ಬರುತ್ತದೆಂಬುದನ್ನು ಜೈನ ರಾಮಾಯಣದ ಭಾಮಂಡಲನ ಕಥೆ ತೋರಿಸುತ್ತದೆ. ಹುಟ್ಟಿದೊಡನೆ ಅಪಹೃತನಾಗಿ ವಿದ್ಯಾಧರರ ಮನೆಯಲ್ಲಿ ಬೆಳೆದ ಅವನು, ತನ್ನ ಅವಳಿ ಸೋದರಿಯಾದ ಸೀತೆಯ ಚಿತ್ರಪಟವನ್ನು ಕಂಡು ಅರಿಯದೆ ಮೋಹಗೊಂಡ. ಜಾತಿಸ್ಮರಣೆ ಉಂಟಾಗಿ ಸತ್ಯ ತಿಳಿದುದರಿಂದ ಅನರ್ಥ ತಪ್ಪಿತು. ಜಾತಿಸ್ಮರಣೆ ಇಲ್ಲದ ಇಂದಿನ ಮಕ್ಕಳಿಗೆ ಹೇಳುವವರು ಯಾರು?

ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಮೂರು ಈ ಸಂದರ್ಭಕ್ಕೆ ನೇರವಾಗಿ ಸಲ್ಲುತ್ತವೆ. ಮೊದಲನೆಯದು ರಹೋಭ್ಯಾಖ್ಯಾನ, ಪರರ ಗುಟ್ಟನ್ನು ಬಯಲಿಗೆಳೆಯುವುದು. ಸಭೆಯಲ್ಲಿ ಪಿಸುಗುಟ್ಟುವವರು ಎಸಗುವ ದೋಷ ಇದು. ಎರಡನೆಯದು ಕೂಟಲೇಖಕ್ರಿಯೆ, ಸುಳ್ಳು ಬರೆವಣಿಗೆ; ಮಗುವಿನ ಮೇಲಿನ ಪ್ರೀತಿಯಿಂದಲೇ ಆದರೂ ಜನನದ ದಾಖಲೆಯನ್ನು ತಿದ್ದಿಸುವವರು ಇದಕ್ಕೆ ಒಳಗಾಗುತ್ತಾರೆ. ಮೂರನೆಯದು ನ್ಯಾಸಾಪಹಾರ. ಅಡವಿಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ತಿಳಿದೂ ಸುಮ್ಮನಿದ್ದು ಅಷ್ಟನ್ನೇ ಕೊಟ್ಟು ಕಳುಹಿಸುವುದು ನ್ಯಾಸಾಪಹಾರವೆಂದು ಪೂಜ್ಯಪಾದರು ವಿವರಿಸಿದ್ದಾರೆ.

ಕಿರುಕುಳ ವ್ಯಾಪಾರ ಮಾಡುವವನಿಗೂ ಈ ಮೂರನೆಯ ದೋಷದ ಭಾರ ಗೊತ್ತು. ಮಗುವಿನ ಹುಟ್ಟಿನ ವೃತ್ತಾಂತ ಸಾಕಿದವರ ಆಸ್ತಿಯಲ್ಲ. ಅದು ಅವರಲ್ಲಿ ಇರಿಸಿರುವ ಮಗುವಿನ ಠೇವಣಿ. ಹೊರಗಿನವರು ಕೇಳಿದರೆ ತಿಜೋರಿಯನ್ನು ತೆರೆಯಬೇಕಾಗಿಲ್ಲ, ತೆರೆದರೆ ರಹೋಭ್ಯಾಖ್ಯಾನ. ಆದರೆ ಠೇವಣಿಯ ಒಡೆಯನೇ ಬಂದು ಕೇಳಿದರೆ, ಅಥವಾ ಕೇಳಲು ತಿಳಿಯದೆ ನಿಂತಿದ್ದರೆ, ಪೂರ್ತಿಯಾಗಿ ಎಣಿಸಿಕೊಡಬೇಕು; ಕೊಡದಿದ್ದರೆ ನ್ಯಾಸಾಪಹಾರ. ಯಾವಾಗ, ಎಷ್ಟು ಮೆದುವಾಗಿ ಹೇಳಬೇಕೆಂಬುದು ತಂದೆತಾಯಿಗಳ ವಿವೇಕ. ಸಮಂತಭದ್ರರ ಎಚ್ಚರಿಕೆ ಅನ್ವಯಿಸುವುದು ಹೇಳುವ ಕಾಲ ಮತ್ತು ರೀತಿಗಳಿಗೆ. ಬಂಧುವೊಬ್ಬ ಪಾಲಿನ ಜಗಳದಲ್ಲಿ ಕಲ್ಲೆಸೆದಂತೆ ಎಸೆಯುವ ಮೊದಲೇ, ಸಾಕಿದ ಬಾಯಿಂದಲೇ ಆ ಮಾತು ಬಂದರೆ ಮಗುವಿಗೆ ನೋವಾದರೂ ನಂಬಿಕೆ ಮುರಿಯುವುದಿಲ್ಲ.

ಬಸದಿಗಳ ಆಡಳಿತದವರಿಗೂ ಇಲ್ಲಿ ಒಂದು ಕರ್ತವ್ಯವಿದೆ. ಹಿಂದೆ ಎಡೆಹಳ್ಳಿಯಾಗಿದ್ದ ಊರಿಗೆ ನರಸಿಂಹರಾಜಪುರವೆಂಬ ಹೆಸರು ಬಂದದ್ದು 1915ರಲ್ಲಿ, ಮೈಸೂರಿನ ಯುವರಾಜರ ಭೇಟಿಯ ನೆನಪಿಗೆ. ಅಲ್ಲಿಯ ಸಿಂಹನಗದ್ದೆಯ ಜ್ವಾಲಾಮಾಲಿನಿ ದೇವಿಯು ಗೇರುಸೊಪ್ಪೆಯಿಂದ ಬಂದು ನೆಲೆಸಿದವಳೆಂದು ಭಕ್ತರು ನಂಬುತ್ತಾರೆ. ಬಂದವಳೆಂಬ ಕಾರಣದಿಂದ ಆ ಊರಿನ ಅಮ್ಮನಲ್ಲವೆಂದು ಯಾರೂ ಹೇಳಲಿಲ್ಲ. ಹೀಗಿರುವಾಗ ದತ್ತು ಬಂದ ಮಗನು ಅಭಿಷೇಕದ ಕಲಶ ಹಿಡಿಯಲು, ಮನೆತನದ ಸೇವೆಯನ್ನು ಮುಂದುವರಿಸಲು, ಮಂಡಳಿಯಲ್ಲಿ ಕುಳಿತುಕೊಳ್ಳಲು ಅರ್ಹನೇ ಎಂದು ಚರ್ಚಿಸುವುದು ಶೋಭಿಸದು. ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಅಣುವ್ರತಗಳಲ್ಲಿ ಅವನಿಗೆ ಶ್ರದ್ಧೆಯಿದೆಯೇ? ದೇವದ್ರವ್ಯದ ಲೆಕ್ಕವನ್ನು ಶುದ್ಧವಾಗಿ ಇಡುವನೇ? ವೃದ್ಧರಾದ ತಂದೆತಾಯಿಗಳ ಸೇವೆ ಮಾಡುತ್ತಿರುವನೇ?

ಮಗನ ಕಡೆಯಿಂದಲೂ ಒಂದು ಮಾತು ಸಲ್ಲುತ್ತದೆ. ಹುಟ್ಟಿನ ಮೂಲವನ್ನು ಅರಸುವುದು ಕೃತಘ್ನತೆಯಲ್ಲ. ತಿಳಿಯುವ ಹಂಬಲ ಜೀವದ ಲಕ್ಷಣ. ಆದರೆ ಮೂಲ ಸಿಕ್ಕಿತೆಂದು ಸಾಕಿದವರ ಹೆಸರನ್ನು ಲೆಕ್ಕದ ಪುಸ್ತಕದಿಂದ ಹೊಡೆದುಹಾಕಿದರೆ ಅದು ಕೃತಘ್ನತೆ. ಜನ್ಮವು ಖಾತೆಯ ಮೊದಲ ನಮೂದು ಮಾತ್ರ. ಜ್ವರದ ರಾತ್ರಿಗಳಲ್ಲಿ ಎದ್ದು ಕುಳಿತದ್ದು, ಶಾಲೆಯ ಶುಲ್ಕಕ್ಕೆ ಅಡಿಕೆಯನ್ನು ಬೆಲೆ ಏರುವ ಮೊದಲೇ ಮಾರಿದ್ದು, ಣಮೋಕಾರ ಮಂತ್ರವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದ್ದು, ಇವೆಲ್ಲ ಮುಂದಿನ ಪುಟಗಳಲ್ಲಿವೆ. ಮೊದಲ ಸಾಲನ್ನು ಮಾತ್ರ ಓದಿ ಖಾತೆಯನ್ನು ಮುಚ್ಚುವವನು ಒಳ್ಳೆಯ ಲೆಕ್ಕಿಗನೂ ಅಲ್ಲ, ಒಳ್ಳೆಯ ಶ್ರಾವಕನೂ ಅಲ್ಲ.