ಲಕ್ಕಮ್ಮ ಅಳೆದದ್ದು

ಬೆವರು ಸುರಿಸಿ ಉಣ್ಣಬೇಕು ಎಂದು ಮಕ್ಕಳಿಗೆ ಹೇಳುತ್ತಾ ಬೆಳೆಸಿದ ಊರು ದಾವಣಗೆರೆ. ಹತ್ತಿ ಮಿಲ್ಲುಗಳು ಮುಚ್ಚಿದರೂ ಆ ಮಾತು ಉಳಿದಿದೆ. ಮಿಲ್ಲಿನಲ್ಲಿ ದುಡಿದು ಸರಸ್ವತಿ ನಗರದಲ್ಲಿ ಮನೆ ಕಟ್ಟಿದವರು ನಮ್ಮ ಯಜಮಾನರು. ನನ್ನ ತಂಗಿಯ ಮಗಳು ಕಂಕುಳ ಬೆವರು ನಿಲ್ಲಿಸಲು ಇಂಜೆಕ್ಷನ್ ಮಾಡಿಸಿಕೊಳ್ಳುತ್ತಾಳೆಂದು ತಿಳಿದಾಗ ಅವರಿಗೆ ಸಿಟ್ಟೇ ಬಂತು. "ಬೆವರಿಗೆ ನಾಚ್ಕೊಂಡ್ರೆ ಕಾಯಕಕ್ಕೇ ನಾಚ್ಕೊಂಡಂಗೆ" ಅಂದರು.

ಹುಡುಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಬೋರ್ಡಿಗೆ ಕೈಯೆತ್ತಿದರೆ ಒದ್ದೆ ಕಲೆ. ಡಿಸೆಂಬರಿನ ಚಳಿಯಲ್ಲೂ, ಸುಮ್ಮನೆ ಕೂತಾಗಲೂ. ಚರ್ಮದ ಡಾಕ್ಟರು ಕಂಕುಳಿಗೆ ಅಯೋಡಿನ್ ಹಚ್ಚಿ ಪಿಷ್ಟದ ಪುಡಿ ಉದುರಿಸಿದರಂತೆ; ಬೆವರಿದ ಜಾಗವೆಲ್ಲ ಕಪ್ಪಾಯಿತು. ಅಲ್ಲೇ ಸಣ್ಣ ಸಣ್ಣ ಚುಚ್ಚು, ಒಂದೊಂದು ಕಂಕುಳಿಗೆ 50 ಯೂನಿಟ್ ಬೊಟುಲಿನಂ ಟಾಕ್ಸಿನ್. ಬೆವರಿನ ಗ್ರಂಥಿಗೆ ನರ ಸುರಿಸುವ ಅಸಿಟೈಲ್‌ಕೋಲಿನ್ನನ್ನು ಅದು ತಡೆಯುತ್ತದೆ. ಕೆಲವು ತಿಂಗಳಲ್ಲಿ ಅದರ ಪ್ರಭಾವ ಇಳಿದು ಬೆವರು ಮರಳುತ್ತದೆ.

ಯಜಮಾನರ ಪರ ಪುರಾಣವೂ ಇದೆ. ಮಹಾಭಾರತದ ವನಪರ್ವದಲ್ಲಿ ನಾಲ್ವರು ದೇವತೆಗಳು ನಳನ ರೂಪದಲ್ಲಿ ದಮಯಂತಿಯ ಸ್ವಯಂವರಕ್ಕೆ ಬಂದು ಕೂರುತ್ತಾರೆ. ದೇವತೆಗಳು ಬೆವರುವುದಿಲ್ಲ, ರೆಪ್ಪೆ ಬಡಿಯುವುದಿಲ್ಲ, ಅವರ ಮಾಲೆ ಬಾಡುವುದಿಲ್ಲ. ಬೆವರಿದವನ ಕೊರಳಿಗೆ ದಮಯಂತಿ ಹಾರ ಹಾಕಿದಳು. ಆದರೆ ಅವಳು ಮನಸ್ಸು ಕೊಟ್ಟದ್ದು ಅದಕ್ಕೂ ಮೊದಲು, ಹಂಸದ ಬಾಯಲ್ಲಿ ನಳನ ಗುಣ ಕೇಳಿ. ಬೆವರು ಅವಳಿಗೆ ಬರೀ ಗುರುತು. ಗುರುತನ್ನೇ ಗುಣವೆಂದು ಪೂಜಿಸುವವರು ನಾವು.

ನಮ್ಮೂರ ಮಂಡಕ್ಕಿ ಭಟ್ಟಿಯಲ್ಲಿ ನಿಂತವರು ಬೆಂಕಿಯ ಝಳಕ್ಕೆ ಬೆವರುತ್ತಾರೆ. ಆ ಬೆವರು ಆರುತ್ತಾ ಮೈಯನ್ನು ತಂಪು ಮಾಡುತ್ತದೆ. ಈ ಹುಡುಗಿಯ ಕಂಕುಳಿಗೆ ಬೆಂಕಿಯೂ ಇಲ್ಲ, ಬಿಸಿಲೂ ಇಲ್ಲ. ನರಕ್ಕೆ ವಿನಾಕಾರಣ ಅವಸರ. ಅದನ್ನು ಸುಮ್ಮನಾಗಿಸಿದರೂ ಹಣೆ, ಬೆನ್ನು ತಮ್ಮ ಪಾಡಿಗೆ ಬೆವರುತ್ತವೆ. ಅವಳೇನೂ ದೇವತೆಯಾಗಿಬಿಡುವುದಿಲ್ಲ.

ಕಾಯಕದ ಮಾತು ಬಂದರೆ ಶರಣೆ ಆಯ್ದಕ್ಕಿ ಲಕ್ಕಮ್ಮನನ್ನೇ ಕೇಳಬೇಕು. ಗಂಡ ಮಾರಯ್ಯ ಒಂದು ದಿನ ದಾಸೋಹಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ. ತಂದಲ್ಲೇ ಸುರಿದು ಬಾ ಎಂದು ಅವಳು ಮರಳಿ ಕಳಿಸಿದಳು. ಬಗ್ಗಿ ಬಗ್ಗಿ ಆಯ್ದವನು ಅಂದು ಹೆಚ್ಚೇ ಬೆವರಿರಬೇಕು. ಅವಳು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಎಷ್ಟು ತಂದ, ಯಾರಿಗಾಗಿ ತಂದ ಎಂದಷ್ಟೇ ನೋಡಿದಳು.

ಯಜಮಾನರಿಗೂ ಅದನ್ನೇ ಹೇಳಿದೆ: "ಆಕಿ ಅಂಗಿ ನೋಡ್ಬ್ಯಾಡ್ರಿ. ಆಕಿ ಕ್ಲಾಸಿನ ಹುಡುಗ್ರಿಗೆ ಭಿನ್ನರಾಶಿ ಕೂಡೋದು ಬರ್ತೈತೋ ಇಲ್ಲೋ, ಅದನ್ನ ಕೇಳ್ರಿ."