ಉಳಿದರ್ಧ ಯಾರು ಹೇಳುವರು?



ದೀಪಾವಳಿಯಲ್ಲಿ ಬಲಿಪಾಡ್ಯಮಿಯ ರಾತ್ರಿ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹಳ್ಳಿಗಳಲ್ಲಿ ಅಂಟಿಕೆ-ಪಂಟಿಕೆಯವರು ಹಾಡುತ್ತಾ ಮನೆಮನೆಗೆ ದೀಪ ಒಯ್ಯುವುದನ್ನು ನೀವು ಕಂಡಿರಬಹುದು. ಮುಂದಿನವರ ಸೊಲ್ಲನ್ನು ಹಿಂದಿನವರು ಎತ್ತಿಕೊಳ್ಳುತ್ತಾರೆ. ಮನೆಯವರು ದೀಪಕ್ಕೆ ಎಣ್ಣೆ ಎರೆಯುತ್ತಾರೆ. ಒಬ್ಬರ ಉಸಿರು ನಿಂತಲ್ಲಿ ಇನ್ನೊಬ್ಬರ ದನಿ. ಆದ್ದರಿಂದಲೇ ಹಾಡು ನಿಲ್ಲದು, ದೀಪ ಆರದು.

ದೂರದ ಎಸ್ಟೋನಿಯದಲ್ಲೂ ಊರೂರಿನ ಗಾನವೃಂದಗಳು ಒಂದೆಡೆ ಸೇರಿ ಹಾಡುವ ಹಬ್ಬ 1869ರಲ್ಲಿ ಆರಂಭವಾಯಿತು. ಸೋವಿಯತ್ ಆಳ್ವಿಕೆಯಲ್ಲಿದ್ದ ಆ ಜನ 1988ರಲ್ಲಿ ಹಾಡುತ್ತಲೇ ಬಿಡುಗಡೆ ಕೇಳಿದರು, 1991ರಲ್ಲಿ ಸ್ವತಂತ್ರರಾದರು.

ನಮ್ಮ ಜಪಸರವೂ ಹಾಗೆಯೇ ಅಲ್ಲವೇ? ಅರ್ಧ ಪ್ರಾರ್ಥನೆ ಒಬ್ಬರದು, ಉಳಿದರ್ಧ ಎಲ್ಲರದು. ಆದರೆ ಎಷ್ಟೋ ಮನೆಗಳಲ್ಲಿ ಎರಡು ಅರ್ಧವನ್ನೂ ತಾಯಿಯೊಬ್ಬಳೇ ಹೇಳುತ್ತಾಳೆ. ತಂದೆಗೆ ದಣಿವು, ಮಕ್ಕಳಿಗೆ ಪುರುಸೊತ್ತಿಲ್ಲ. ಮರುದನಿ ಸಿಗದ ಆಕೆಯ ದನಿಯೂ ಒಂದು ದಿನ ಸೋಲುತ್ತದೆ. ಆಮೇಲೆ, ಮನೆಯಲ್ಲಿ ಮಾತೇ ಇಲ್ಲವೆಂದು ಕೊರಗುತ್ತೇವೆ.

ಇಬ್ಬರು ಮೂವರು ಕೂಡಿದಲ್ಲಿ ತಾವಿರುವುದಾಗಿ ಪ್ರಭು ಯೇಸು ಮಾತು ಕೊಟ್ಟಿದ್ದಾರೆ. ರಾಗ ಬಾರದಿದ್ದರೂ ಚಿಂತೆಯಿಲ್ಲ. ಈ ಸಂಜೆ ಆಕೆಯ ಪಕ್ಕದಲ್ಲಿ ಕುಳಿತು ಉಳಿದರ್ಧ ಹೇಳಿರಿ. ನಿಮ್ಮ ಮನೆಯ ದೀಪಕ್ಕೆ ನೀವು ಎರೆಯುವ ಎಣ್ಣೆ ಅದೇ.