ಕಡಲಾಚೆಯ ಮಗ
ತಮ್ಮ ಅಂಡಮಾನಿನ ಪೋರ್ಟ್ ಬ್ಲೇರಿಗೆ ಕೆಲಸಕ್ಕೆ ಹೊರಟಾಗ ಸಂಬಳ, ಬಾಡಿಗೆ, ವಿಮಾನದ ಚಾರ್ಜು ಎಲ್ಲ ಲೆಕ್ಕ ಹಾಕಿದ್ದೆವು. ಈರುಳ್ಳಿಯಿಂದ ಸಿಮೆಂಟಿನವರೆಗೆ ಹಡಗನ್ನೇ ನೆಚ್ಚಿದ ಊರದು. ಕಡಲು ಕೆರಳಿದರೆ ಬೆಲೆಯೂ ಏರುತ್ತದೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಕೋಲಾರದ ಒಣಹವೆಯಲ್ಲಿ ಬೆಳೆದವನ ಬಟ್ಟೆ, ಪುಸ್ತಕ, ಕೊನೆಗೆ ಅಪ್ಪನ ಫೋಟೊಗೂ ಬೂಷ್ಟು ಹಿಡಿಯಿತು. ಇವನ್ನೆಲ್ಲ ಹೇಗೋ ತೂಗಿಸಬಹುದು.

ಅಮ್ಮ ತೀರಿಕೊಂಡಾಗ ಅವನು ಚೆನ್ನೈಗೆ ಹಾರಿ, ರೈಲು ಹಿಡಿದು ಬಂಗಾರಪೇಟೆ ಜಂಕ್ಷನ್ನಿನಲ್ಲಿ ಇಳಿಯುವಷ್ಟರಲ್ಲಿ ಮಾರನೆಯ ಸಂಜೆ. ಬೇಸಿಗೆ, ಕಾಯುವುದು ಬೇಡವೆಂದರು ಹಿರಿಯರು. ಕೊಳ್ಳಿ ನಾನಿಟ್ಟೆ. ಹೆಣ್ಣುಮಗಳು ಇಟ್ಟರೆ ಸಲ್ಲುತ್ತದೆಯೇ ಎಂದು ಯಾರೋ ಗೊಣಗಿದರು. ಸಲ್ಲುತ್ತದೆ, ನನಗೆ ಅನುಮಾನವಿಲ್ಲ. ಕಾಡುವುದು ಬೇರೆ: ಒಬ್ಬರ ಕರ್ತವ್ಯವನ್ನು ಇನ್ನೊಬ್ಬರು ಮಾಡಿದರೆ ಕ್ರಿಯೆ ಮುಗಿಯುತ್ತದೆ, ಮಾಡಬೇಕಿದ್ದವನ ಸಂಕಟ? ತಣ್ಣಗಾದ ಬೂದಿಯ ಮುಂದೆ ಕೂತು ಅವನು ಕೇಳಿದ್ದು ಒಂದೇ, "ಅಕ್ಕಾ, ಅಮ್ಮ ನನ್ನ ಹೆಸರು ಹೇಳಿದಳಾ?"

ಹೇಳಿದ್ದಳು.

ಈ ನೆಲಕ್ಕೆ ವಲಸೆ ಹೊಸದಲ್ಲ. ಆರ್ಕಾಟಿನ ಕಡೆಯಿಂದ ಕೆಜಿಎಫ್ ಗಣಿಗಳಿಗೆ ಬಂದ ತಮಿಳು ಕುಟುಂಬಗಳು ತಮ್ಮವರನ್ನು ಇಲ್ಲೇ ಮಣ್ಣು ಮಾಡಿ ಇಲ್ಲಿಯವರಾದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮಕ್ಕಳು ಮಾರಿಕುಪ್ಪಂನಿಂದ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಅವರನ್ನು ಮುಂದೆ ಬರಲು ಗೊತ್ತಿಲ್ಲದವರು ಎನ್ನುವುದು ಅನ್ಯಾಯ. ಕಾಯಿಲೆಯ ತಾಯಿಗೆ ರಾತ್ರಿಯ ಗಂಜಿ ಕೊಡಲಿಕ್ಕಾಗಿ ದಿನದ ಐದಾರು ಗಂಟೆ ಹಳಿಯ ಮೇಲೆ ಸವೆಸುವುದನ್ನು ನಾನು ಪೂಜೆಯೆಂದೇ ತಿಳಿದಿದ್ದೇನೆ.

ತಿಥಿಗೆ ಬರಲಾಗದಿದ್ದರೆ ಅಲ್ಲೇ ಕಡಲಿಗೆ ಎಳ್ಳುನೀರು ಬಿಡು ಎಂದೆ ತಮ್ಮನಿಗೆ. ಅವನು ರಜೆಗೆ ಅರ್ಜಿ ಹಾಕಿದ್ದಾನೆ.